ಇವಾನ್ ಎಂಬ ಹೆಸರು ರಷ್ಯಾದ್ದಾಗಿದ್ದು ಹೇಗೆ

ರಷ್ಯನ್ ಕಥೆ, ನಾಟಕ ಓದಲು ಕೂತ ನಮ್ಮವರ ಮೊದಲ ದೂರು ಹೆಸರುಗಳದ್ದೇ. ಈ ಪುಟದಲ್ಲಿ ಇವಾನ್ ಪೆಟ್ರೊವಿಚ್. ಹಾಳೆ ತಿರುಗಿಸಿದರೆ ವಾನ್ಯ. ಮುಂದೆ ಇನ್ಯಾರೋ ವೊಯ್ನಿಟ್ಸ್ಕಿ. ಮೂರು ಜನ ಇದ್ದಾರೆ ಅಂದುಕೊಂಡು ಓದುತ್ತಾ ಹೋದರೆ ಕಥೆ ಕೈಗೆ ಸಿಗುವುದೇ ಇಲ್ಲ. ಚೆಕಾಫ್ ಬರೆದ ‘ಅಂಕಲ್ ವಾನ್ಯ’ ನಾಟಕದಲ್ಲಿ ಈ ಮೂರೂ ಒಬ್ಬನದೇ ಹೆಸರು. ಅವನು ಎಸ್ಟೇಟ್ ನೋಡಿಕೊಳ್ಳುತ್ತಲೇ ವಯಸ್ಸು ಕಳೆದುಕೊಂಡ ಇವಾನ್ ಪೆಟ್ರೊವಿಚ್ ವೊಯ್ನಿಟ್ಸ್ಕಿ. ಡಾಕ್ಟರ್ ಆಸ್ತ್ರೊವ್‌ಗೆ ಅವನು ಇವಾನ್ ಪೆಟ್ರೊವಿಚ್. ತೀರಿಹೋದ ಸೋದರಿಯ ಮಗಳು ಸೋನ್ಯಾಗೆ ವಾನ್ಯ ಮಾಮ. ಮನೆಯಲ್ಲೇ ಉಳಿದುಕೊಂಡಿರುವ ತೆಲೆಗಿನ್‌ಗೆ ಬರೀ ವಾನ್ಯ. ಹೆತ್ತ ತಾಯಿ ಮಾತ್ರ ಅವನನ್ನು ‘ಝಾನ್’ ಅನ್ನುತ್ತಾಳೆ. ಅದು ಇವಾನ್‌ನ ಫ್ರೆಂಚ್ ರೂಪ. 19ನೇ ಶತಮಾನದ ರಷ್ಯಾದಲ್ಲಿ ಓದಿದ ಮನೆತನದವರಿಗೆ ಫ್ರೆಂಚ್ ಮಾತು ದೊಡ್ಡಸ್ತಿಕೆಯ ಗುರುತಾಗಿತ್ತು. ಮಗನ ಹೆಸರನ್ನೂ ಆಕೆ ಬಿಡಲಿಲ್ಲ.

ಯಾರು ಯಾವ ರೂಪದಲ್ಲಿ ಕರೆದರು ಅನ್ನುವುದು ಗೊತ್ತಾದರೆ ಸಾಕು, ಆ ಇಬ್ಬರ ನಡುವಿನ ಸಂಬಂಧ ಎಂಥದ್ದು ಅಂತ ರಷ್ಯನ್ನರಿಗೆ ತಿಳಿದುಬಿಡುತ್ತದೆ. ಅನುವಾದದಲ್ಲಿ ಓದುವ ನಮಗೆ ತಪ್ಪಿಹೋಗುವುದು ಇದೇ. ಹಾಗಾಗಿ ಈ ಒಂದು ಹೆಸರನ್ನು ಹಿಡಿದು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಉಚ್ಚಾರ. ಇಂಗ್ಲಿಷ್ ದಾರಿಯಲ್ಲಿ ಬಂದಿದ್ದರಿಂದ ನಮ್ಮಲ್ಲಿ ಅನೇಕರು ‘ಐವಾನ್’ ಅನ್ನುತ್ತಾರೆ. ರಷ್ಯನ್ನರ ಬಾಯಲ್ಲಿ ಅದು ‘ಇವಾನ್’. ಒತ್ತು ಬೀಳುವುದು ‘ವಾ’ ಮೇಲೆ. ಮುದ್ದಿನ ಹೆಸರು ‘ವಾನ್ಯ’ ಆಗಿದ್ದಕ್ಕೂ ಇದೇ ಕಾರಣ. ಒತ್ತಿಲ್ಲದ ‘ಇ’ ಉದುರಿತು, ಒತ್ತಿದ್ದ ಭಾಗ ಉಳಿಯಿತು.

ಜೆರುಸಲೇಮಿನಿಂದ ಮಾಸ್ಕೋಗೆ

ಜಗತ್ತು ಇವತ್ತು ಇವಾನ್ ಅಂದರೆ ರಷ್ಯಾ ಅಂತಲೇ ತಿಳಿಯುತ್ತದೆ. ಆದರೆ ಹೆಸರು ಹುಟ್ಟಿದ್ದು ರಷ್ಯಾದಲ್ಲಲ್ಲ. ಬೇರು ಹೀಬ್ರೂ ಭಾಷೆಯಲ್ಲಿದೆ: ಯೆಹೋಹಾನಾನ್, ಅಂದರೆ ದೇವರು ಕೃಪೆ ತೋರಿದ. ಕನ್ನಡ ಬೈಬಲ್ ಓದಿದವರಿಗೆ ಇದು ಹೊಸದಲ್ಲ. ಅಲ್ಲಿನ ಯೋಹಾನ ಇವನೇ. ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕನಾದ ಯೋಹಾನ ಒಬ್ಬ, ಶಿಷ್ಯನಾದ ಯೋಹಾನ ಇನ್ನೊಬ್ಬ.

ಹೀಬ್ರೂ ಹೆಸರು ಗ್ರೀಕರ ಕೈಗೆ ಬಂದಾಗ ನಡುವಿನ ‘ಹ’ ಹೋಗಿ ‘ಇಒಆನ್ನೆಸ್’ ಆಯಿತು. ಗ್ರೀಕ್ ಕ್ರೈಸ್ತರ ದೊಡ್ಡ ಪಟ್ಟಣ ಕಾನ್‌ಸ್ಟಾಂಟಿನೋಪಲ್. ರಷ್ಯನ್ನರೂ ಸೇರಿದ ಸ್ಲಾವ್ ಜನರಿಗೆ ಹೊಸ ಧರ್ಮ, ಲಿಪಿ, ಪ್ರಾರ್ಥನೆ ಪುಸ್ತಕ, ಸಂತರ ಹೆಸರು ಎಲ್ಲವೂ ಬಹುಪಾಲು ಅಲ್ಲಿಂದಲೇ ಬಂದವು. ಕೀವ್‌ನ ರಾಜ ವ್ಲದಿಮಿರ್ 988ರಲ್ಲಿ ಕ್ರೈಸ್ತ ಧರ್ಮಕ್ಕೆ ಸೇರಿದ, ಪ್ರಜೆಗಳನ್ನೂ ಸೇರಿಸಿದ. ಪಾದ್ರಿಗಳ ಪುಸ್ತಕದಲ್ಲಿದ್ದ ಹೆಸರು ‘ಇಒಆನ್’. ರಷ್ಯಾದ ಚರ್ಚಿನಲ್ಲಿ ಇವತ್ತಿಗೂ ಅದೇ ರೂಪ ಬಳಕೆಯಲ್ಲಿದೆ. ಮನೆಯಲ್ಲಿ ಇವಾನ್ ಆದವನು ಪಾದ್ರಿಯಾಗಿ ನಿಂತರೆ ಇಒಆನ್ ಆಗುತ್ತಾನೆ.

ಇಒಆನ್ ಹೋಗಿ ಇವಾನ್ ಆಗಿದ್ದು ಹೇಗೆ? ಇದು ಕನ್ನಡಿಗರಿಗೆ ಸುಲಭವಾಗಿ ಅರ್ಥವಾಗುವ ಸಂಗತಿ. ಎರಡು ಸ್ವರ ಅಕ್ಕಪಕ್ಕ ಬಂದರೆ ನಮ್ಮ ನಾಲಿಗೆಗೂ ಹಿಡಿಸುವುದಿಲ್ಲ. ಗುರು ಮತ್ತು ಅನ್ನು ಸೇರಿದಾಗ ನಡುವೆ ‘ವ’ ತಂದು ಗುರುವನ್ನು ಅನ್ನುತ್ತೇವೆ. ಶಾಲೆಯಲ್ಲಿ ವಕಾರಾಗಮ ಸಂಧಿ ಅಂತ ಕಲಿತಿದ್ದು ಇದನ್ನೇ. ಸ್ಲಾವ್ ನಾಲಿಗೆಯೂ ಹೀಗೇ ಮಾಡಿತು. ‘ಒ’ ಮತ್ತು ‘ಆ’ ಒಟ್ಟಿಗೆ ಬಂದ ಕಡೆ ‘ವ’ ನುಸುಳಿತು. ಸರ್ಬಿಯಾದವರು ‘ಒ’ ಉಳಿಸಿಕೊಂಡು ‘ಯೊವಾನ್’ ಅಂದರು. ರಷ್ಯನ್ನರು, ಉಕ್ರೇನಿನವರು, ಬಲ್ಗೇರಿಯಾದವರು ಅದನ್ನೂ ಬಿಟ್ಟು ಇವಾನ್ ಅಂದರು. ಪಾದ್ರಿ ಹೇಳಿಕೊಟ್ಟ ಹೆಸರನ್ನು ರೈತ ತನ್ನ ಬಾಯಿಗೆ ತಕ್ಕಂತೆ ತಿದ್ದಿಕೊಂಡ. ಇವಾನ್ ರಷ್ಯಾದ ಹೆಸರಾಗಿದ್ದು ಈ ತಿದ್ದುಪಡಿಯಿಂದಲೇ ಅನ್ನುವುದು ನನ್ನ ಅಭಿಪ್ರಾಯ.

ಅದೇ ಸ್ಲಾವ್ ಜನರಾದ ಪೋಲೆಂಡಿನವರು, ಚೆಕ್ ಜನರು ಮಾತ್ರ ‘ಯಾನ್’ ಅನ್ನುತ್ತಾರೆ. ಅವರಿಗೆ ಧರ್ಮ ಬಂದಿದ್ದು ರೋಮಿನ ಕಡೆಯಿಂದ, ಲ್ಯಾಟಿನ್ ರೂಪದ ಮೂಲಕ. ಉಳಿದ ಬಳಗದ ಪಟ್ಟಿ ದೊಡ್ಡದು. ಇಂಗ್ಲಿಷಿನ ಜಾನ್, ಜರ್ಮನಿಯ ಯೋಹಾನ್ ಮತ್ತು ಹಾನ್ಸ್, ಸ್ಪೇನಿನ ಹ್ವಾನ್, ಇಟಲಿಯ ಜೊವಾನಿ, ಅರ್ಮೇನಿಯಾದ ಹೊವ್‌ಹಾನ್ನೆಸ್, ಪೋರ್ಚುಗೀಸರ ಜುವಾಂವ್ ಎಲ್ಲರೂ ಒಂದೇ ಬೇರಿನವರು. ಕುರ್‌ಆನ್‌ನಲ್ಲಿ ಸ್ನಾನಿಕ ಯೋಹಾನನೇ ಯಾಹ್ಯಾ. ಕೇರಳದ ಕ್ರೈಸ್ತರಲ್ಲಿ ಯೋಹನ್ನಾನ್ ಇದ್ದಾರೆ. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ಹಳೆಯ ತಲೆಮಾರಿನಲ್ಲಿ ಜುವಾಂವ್ ಸಿಗುತ್ತಾರೆ. ರಷ್ಯಾದ ಇವಾನ್‌ಗೆ ಮಂಗಳೂರಿನಲ್ಲೂ ಹೆಸರಿನ ನೆಂಟರಿದ್ದಾರೆ ಅಂದ ಹಾಗಾಯಿತು.

ಹಾಗಾದರೆ ಅಪ್ಪಟ ಸ್ಲಾವ್ ಹೆಸರುಗಳು ಯಾವುವು? ವ್ಲದಿಮಿರ್, ಯಾರೊಸ್ಲಾವ್, ಸ್ವ್ಯತೊಸ್ಲಾವ್ ಮೊದಲಾದವು. ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಕಲಾವಿದ ಸ್ವೆತೊಸ್ಲಾವ್ ರೋರಿಚ್, ಅದೇ ತಾತಗುಣಿ ಎಸ್ಟೇಟಿನವರು, ಅವರ ಹೆಸರೂ ಈ ಜಾತಿಯದು. ಇವೆಲ್ಲ ಅರಸರ ಕಡೆಯ ಹೆಸರು. ಸಾಮಾನ್ಯರಲ್ಲಿ ‘ಕಾದು ಪಡೆದವನು’ ಎಂಬರ್ಥದ ಝ್ದಾನ್, ಮೂರನೆಯ ಮಗುವಿಗೆ ತ್ರೆತ್ಯಾಕ್, ‘ಚೆಂದವಿಲ್ಲದವನು’ ಎಂಬರ್ಥದ ನೆಕ್ರಾಸ್ ಇಂಥವು ಇದ್ದವು. ಕೊನೆಯದು ಕೆಟ್ಟ ಕಣ್ಣು ಬೀಳದಿರಲಿ ಅಂತ ಇಟ್ಟಿದ್ದು. ಕ್ರೈಸ್ತರಾದ ಮೇಲೂ ಜನ ಇವನ್ನು ಥಟ್ಟನೆ ಬಿಡಲಿಲ್ಲ. ನೂರಾರು ವರ್ಷ ಒಬ್ಬನಿಗೆ ಎರಡು ಹೆಸರು ನಡೆಯಿತು, ಒಂದು ಚರ್ಚಿಗೆ, ಒಂದು ಬೀದಿಗೆ. ವ್ಲದಿಮಿರ್ ರಾಜನೇ ದೀಕ್ಷಾಸ್ನಾನದಲ್ಲಿ ವಸೀಲಿ ಅನ್ನಿಸಿಕೊಂಡ, ಆದರೂ ಇತಿಹಾಸದಲ್ಲಿ ವ್ಲದಿಮಿರ್ ಆಗಿಯೇ ಉಳಿದ. ನಿಧಾನವಾಗಿ ಚರ್ಚಿನ ಹೆಸರು ಗೆದ್ದಿತು.

ಅದರಲ್ಲೂ ಇವಾನ್ ಎಲ್ಲರಿಗಿಂತ ಮುಂದೆ ಹೋಗಲು ಕಾರಣ ಸರಳ. ಮಗು ಹುಟ್ಟಿದಾಗ ಪಾದ್ರಿ ಸಂತರ ಪಂಚಾಂಗ ತೆಗೆದು ಆ ದಿನಗಳ ಹತ್ತಿರ ಯಾವ ಸಂತನ ಹಬ್ಬ ಇದೆ ಅಂತ ನೋಡಿ ಹೆಸರಿಡುತ್ತಿದ್ದ. ಇಒಆನ್ ಹೆಸರಿನ ಸಂತರು ಎಷ್ಟು ಜನ ಅಂದರೆ ವರ್ಷದಲ್ಲಿ ಹತ್ತಾರು ದಿನ ಅವರದೇ. ಯಾವ ತಿಂಗಳಲ್ಲಿ ಹುಟ್ಟಿದರೂ ಒಬ್ಬ ಇಒಆನ್ ಎದುರಾಗುತ್ತಿದ್ದ. ಬೇರೆ ಕೆಲವು ಗ್ರೀಕ್ ಹೆಸರುಗಳನ್ನು ಉಚ್ಚರಿಸಲು ರೈತರಿಗೆ ಕಷ್ಟ, ಇವಾನ್ ಸಲೀಸು. ಹಾಗಾಗಿ ಒಂದೇ ಮನೆಯಲ್ಲಿ ಇಬ್ಬರು ಇವಾನ್ ಇದ್ದರೂ, ದೊಡ್ಡ ಇವಾನ್, ಸಣ್ಣ ಇವಾನ್ ಅಂತ ಕರೆಯುವುದು ನಡೆದೇ ಇತ್ತು.

ಕರೆಯುವ ಬಗೆ

ನಮ್ಮಲ್ಲಿ ಶ್ರೀನಿವಾಸ ಎಂಬವನು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಶ್ರೀನಿವಾಸ. ಅಮ್ಮನಿಗೆ ಸೀನು, ಗೆಳೆಯರಿಗೆ ಸೀನ, ಊರವರಿಗೆ ಸೀನಣ್ಣ ಅಥವಾ ಸೀನಪ್ಪ, ಆಫೀಸಿನಲ್ಲಿ ಶ್ರೀನಿವಾಸಯ್ಯ. ಇವಾನ್‌ನ ಕಥೆಯೂ ಹೀಗೇ. ವ್ಯತ್ಯಾಸ ಏನೆಂದರೆ ರಷ್ಯನ್ನರು ಇದಕ್ಕೆ ಕಟ್ಟುನಿಟ್ಟಾದ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಪ್ರತಿ ಹೆಸರಿಗೂ ಹೆಚ್ಚುಕಡಿಮೆ ಇದೇ ಪ್ರತ್ಯಯಗಳು ಹತ್ತುತ್ತವೆ.

ಮನೆಯವರು, ಗೆಳೆಯರು ಸುಮ್ನೆ ಕರೆಯುವುದು ವಾನ್ಯ. ಇದರಲ್ಲಿ ವಿಶೇಷ ಮುದ್ದೇನಿಲ್ಲ, ಸಲಿಗೆ ಅಷ್ಟೇ. ಮುದ್ದು ಬೇಕಾದರೆ ವಾನೆಚ್ಕ, ವಾನ್ಯೂಷ. ಇವು ತಾಯಿ, ಅಜ್ಜಿ, ಹೆಂಡತಿಯ ಬಾಯಲ್ಲಿ ಜಾಸ್ತಿ. ಇವಾನುಷ್ಕ ಅಂದರೆ ಜನಪದ ಕಥೆಯ ವಾಸನೆ ಬರುತ್ತದೆ. ‘ಕ’ ಪ್ರತ್ಯಯ ಹತ್ತಿದ ವಾಂಕ ಸ್ವಲ್ಪ ಅಪಾಯದ್ದು. ಹುಡುಗರು ತಮ್ಮತಮ್ಮಲ್ಲಿ ವಾಂಕ ಅಂದುಕೊಂಡರೆ ತಪ್ಪಿಲ್ಲ. ದೊಡ್ಡವನೊಬ್ಬ ಪರಿಚಯವಿಲ್ಲದವನನ್ನು ಹಾಗೆ ಕರೆದರೆ ‘ಲೋ’ ಅಂದ ಹಾಗೆ. ಕೂಗಿ ಕರೆಯುವಾಗ ಕೊನೆಯ ಸ್ವರವನ್ನೂ ನುಂಗಿ ಬರೀ ‘ವಾನ್!’ ಅನ್ನುವ ರೂಢಿ ಈಗಿನ ಮಾತಿನಲ್ಲಿದೆ.

ಗೌರವದ ರೂಪದಲ್ಲಿ ತಂದೆಯ ಹೆಸರು ಸೇರುತ್ತದೆ. ಇವಾನ್ ಪೆಟ್ರೊವಿಚ್ ಅಂದರೆ ಪ್ಯೋತ್ರ್‌ನ ಮಗ ಇವಾನ್. ಇವಾನ್‌ನ ಮಗನಾದರೆ ಇವಾನೊವಿಚ್, ಮಗಳಾದರೆ ಇವಾನೊವ್ನ. ಇದು ಅಡ್ಡಹೆಸರಲ್ಲ, ಅಡ್ಡಹೆಸರು ಬೇರೆ ಇರುತ್ತದೆ. ನಮ್ಮ ‘ಅವರು’, ‘ಸಾರ್’, ‘ಮೇಡಂ’ ಮಾಡುವ ಕೆಲಸವನ್ನು ರಷ್ಯನ್ ಭಾಷೆಯಲ್ಲಿ ಅಪ್ಪನ ಹೆಸರು ಮಾಡುತ್ತದೆ. ಬಳಕೆಯ ಮಾತಿನಲ್ಲಿ ಇವಾನೊವಿಚ್ ಸವೆದು ‘ಇವಾನಿಚ್’ ಆಗುತ್ತದೆ. ಹಳ್ಳಿಯಲ್ಲಿ ವಯಸ್ಸಾದವರನ್ನು ಹೆಸರೇ ಇಲ್ಲದೆ ಬರೀ ‘ಇವಾನಿಚ್’ ಅಂತ ಕರೆಯುವುದೂ ಉಂಟು. ಅದರಲ್ಲಿ ಗೌರವವೂ ಇದೆ, ಹತ್ತಿರದ ಭಾವವೂ ಇದೆ.

ಈಗ ಎಲ್ಲರಿಗೂ ಸಿಗುವ ಈ ‘ವಿಚ್’ ಒಂದು ಕಾಲಕ್ಕೆ ದೊಡ್ಡವರ ಸೊತ್ತು. ಹಳೆಯ ಮಾಸ್ಕೋ ರಾಜ್ಯದಲ್ಲಿ ರಾಜಮನೆತನದವರು, ಮೇಲಿನ ಅಧಿಕಾರಿಗಳು ಮಾತ್ರ ಇವಾನೊವಿಚ್. ಸಾಧಾರಣ ಮನುಷ್ಯ ‘ಇವಾನ್, ಪ್ಯೋತ್ರ್‌ನ ಮಗ’ ಅಂತ ಬರೆಸಿಕೊಳ್ಳಬೇಕಿತ್ತು. ಸ್ತ್ರೋಗನೊವ್ ಎಂಬ ಉಪ್ಪಿನ ವ್ಯಾಪಾರಿಗಳ ಮನೆತನಕ್ಕೆ ತ್ಸಾರ್, ಅಂದರೆ ರಷ್ಯಾದ ದೊರೆ, ‘ವಿಚ್’ ಬಳಸುವ ಹಕ್ಕನ್ನು ವಿಶೇಷ ಗೌರವವಾಗಿ ಕೊಟ್ಟಿದ್ದ. ರಾಜನ ಮುಂದೆ ಅರ್ಜಿ ಹಾಕುವವನ ಪಾಡು ಇನ್ನೂ ಕೆಳಗೆ. ಎಷ್ಟೇ ದೊಡ್ಡ ಜಮೀನ್ದಾರನಾದರೂ ‘ನಿನ್ನ ಆಳು ಇವಾಷ್ಕ ತಲೆ ಬಾಗಿ ಬೇಡುತ್ತಾನೆ’ ಅಂತ ಬರೆಯಬೇಕು. ಇವಾಷ್ಕ ಅಂದರೆ ಇವಾನ್‌ನ ಕುಗ್ಗಿಸಿದ ರೂಪ. ಗಡ್ಡ ನೆರೆತವನೂ ದೊರೆಯ ಎದುರು ಚಿಕ್ಕ ಹುಡುಗನಾಗಬೇಕಿತ್ತು. 1701ರ ಕೊನೆಯಲ್ಲಿ ಪೀಟರ್ ದೊರೆ ಇದಕ್ಕೆ ತಡೆ ಹಾಕಿದ. ಇನ್ನು ಮುಂದೆ ಪೂರ್ತಿ ಹೆಸರನ್ನೇ ಬರೆಯಬೇಕು ಅಂತ ಆಜ್ಞೆ ಹೊರಡಿಸಿದ. ಗಡ್ಡ ಬೋಳಿಸಿಕೊಳ್ಳಿ ಅಂದ ಪೀಟರ್‌ನ ಸುದ್ದಿ ಎಲ್ಲರಿಗೂ ಗೊತ್ತು, ಹೆಸರು ಸರಿ ಮಾಡಿಸಿದ ಸುದ್ದಿ ಅಷ್ಟಾಗಿ ಗೊತ್ತಿಲ್ಲ.

ಹೆಣ್ಣುಮಕ್ಕಳ ಕಡೆ ಇವಾನ್ ಅಷ್ಟು ಬೆಳೆಯಲಿಲ್ಲ. ಚರ್ಚಿನಲ್ಲಿ ಇಒಆನ್ನಾ ಇದ್ದರೂ ರಷ್ಯನ್ನರಲ್ಲಿ ಹೆಚ್ಚು ಹಿಡಿಸಿದ್ದು ಫ್ರಾನ್ಸಿನಿಂದ ಬಂದ ಝಾನ್ನಾ ಮತ್ತು ಪಕ್ಕದ ಸ್ಲಾವ್ ನಾಡುಗಳಿಂದ ಬಂದ ಯಾನಾ. ಎರಡೂ ಯೋಹಾನನ ಮನೆಯವೇ.

ಸಿಂಹಾಸನದ ಇವಾನ್‌ಗಳು

ರಷ್ಯಾದ ಗದ್ದುಗೆ ಏರಿದ ಇವಾನ್‌ಗಳು ಆರು ಜನ. ಮೊದಲನೆಯವನು 14ನೇ ಶತಮಾನದ ಇವಾನ್ ಕಲಿತಾ. ಕಲಿತಾ ಅಂದರೆ ಹಣದ ಚೀಲ. ಕಪ್ಪ ವಸೂಲಿ ಮಾಡಿ ಮಾಸ್ಕೋವನ್ನು ಬೆಳೆಸಿದವನಿಗೆ ಸರಿಯಾದ ಹೆಸರೇ. ಮೂರನೆಯ ಇವಾನ್ 1462ರಿಂದ 1505ರವರೆಗೆ ಆಳಿದ. 1480ರಲ್ಲಿ ಉಗ್ರಾ ನದಿಯ ದಂಡೆಯಲ್ಲಿ, ರಷ್ಯನ್ನರಿಂದ ಕಪ್ಪ ಪಡೆಯುತ್ತಿದ್ದ ತಾತಾರರ ಸೇನೆಗೆ ಎದುರು ನಿಂತು ಅವರ ಹಿಡಿತ ಕಳಚಿದ. ಈಗಿನ ಎಸ್ಟೋನಿಯಾ ಗಡಿಯಲ್ಲಿ 1492ರಲ್ಲಿ ಅವನು ಕಟ್ಟಿಸಿದ ಕೋಟೆಯೇ ಇವಾಂಗೊರೊದ್, ಇವಾನ್‌ನ ಊರು. ನಮ್ಮ ಬೀದರಿಗೆ ಬಂದ ರಷ್ಯನ್ ವ್ಯಾಪಾರಿ ಅಫನಾಸಿ ನಿಕಿತಿನ್ ಊರು ಬಿಟ್ಟು ಹೊರಟಿದ್ದೂ ಈ ಇವಾನ್‌ನ ಕಾಲದಲ್ಲೇ. ಅಂದ ಹಾಗೆ ನಿಕಿತಿನ್ ಅನ್ನುವುದು ಅಡ್ಡಹೆಸರಲ್ಲ, ನಿಕಿತನ ಮಗ ಅನ್ನುವ ಗುರುತು. ‘ವಿಚ್’ ಇಲ್ಲದ ಸಾಮಾನ್ಯನ ರೂಪ ಅದು. ಬಹಮನಿ ಸುಲ್ತಾನರ ನಾಡಿನಲ್ಲಿ ಅವನು ಅದನ್ನೂ ಬದಿಗಿಟ್ಟು ಖ್ವಾಜಾ ಯೂಸುಫ್ ಖೊರಾಸಾನಿ ಅಂತ ಹೇಳಿಕೊಂಡು ತಿರುಗಾಡಿದ.

ನಾಲ್ಕನೆಯ ಇವಾನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1547ರಲ್ಲಿ ತ್ಸಾರ್ ಎಂಬ ಬಿರುದಿನಿಂದ ಪಟ್ಟಕ್ಕೆ ಬಂದ ಮೊದಲಿಗ, ಭಯಂಕರ ಅಂತಲೇ ಹೆಸರಾದವ. 1581ರಲ್ಲಿ ಸಿಟ್ಟಿನ ಭರದಲ್ಲಿ ಹೊಡೆದು ಸ್ವಂತ ಮಗನ ಸಾವಿಗೆ ಕಾರಣನಾದ ಅಂತ ಹೇಳುತ್ತಾರೆ. ಆ ಮಗನ ಹೆಸರೂ ಇವಾನ್.

ನನಗೆ ಇವರೆಲ್ಲರಿಗಿಂತ ಜಾಸ್ತಿ ಕಾಡುವುದು ಆರನೆಯವನು. ಅವನು ಹುಟ್ಟಿದ್ದು 1740ರ ಆಗಸ್ಟಿನಲ್ಲಿ. ಎರಡು ತಿಂಗಳು ತುಂಬಿದ ಕೆಲವೇ ದಿನಗಳಲ್ಲಿ ಚಕ್ರವರ್ತಿ. ವರ್ಷ ಕಳೆದು ಸ್ವಲ್ಪ ದಿನವಾಗುವಷ್ಟರಲ್ಲಿ, 1741ರ ಕೊನೆಗೆ, ಪೀಟರ್‌ನ ಮಗಳು ಎಲಿಜಬೆತ್ ಅವನನ್ನು ಇಳಿಸಿ ತಾನೇ ಗದ್ದುಗೆ ಹತ್ತಿದಳು. ಆಮೇಲೆ ಅಧಿಕಾರಿಗಳು ಹಿಂದೆ ಬಿದ್ದಿದ್ದು ಅವನ ಹೆಸರಿನ ಮೇಲೆ. ಅವನ ಮುಖವಿದ್ದ ನಾಣ್ಯಗಳನ್ನು ವಾಪಸ್ ಪಡೆದು ಕರಗಿಸಿದರು. ಅವನ ಹೆಸರಿದ್ದ ಕಾಗದಪತ್ರ, ಆಜ್ಞೆ, ಪ್ರಮಾಣಪತ್ರಗಳನ್ನು ಊರೂರಿನಿಂದ ಕಲೆಹಾಕಿದರು. ಅಂಥ ನಾಣ್ಯ ಕೈಯಲ್ಲಿ ಸಿಕ್ಕರೆ ಅಪರಾಧ. ಹುಡುಗನನ್ನು ದೂರದ ಖೋಲ್ಮೊಗೊರಿಯಲ್ಲಿಟ್ಟು, 1756ರಲ್ಲಿ ಶ್ಲಿಸೆಲ್‌ಬುರ್ಗ್ ಕೋಟೆಗೆ ಸಾಗಿಸಿದರು. ಅಲ್ಲಿನ ಕಡತದಲ್ಲಿ ಅವನು ‘ಹೆಸರಿಲ್ಲದ ಕೈದಿ’. 1764ರಲ್ಲಿ, ಕ್ಯಾಥರಿನ್ ಕಾಲದಲ್ಲಿ, ಮಿರೊವಿಚ್ ಎಂಬ ಅಧಿಕಾರಿ ಅವನನ್ನು ಬಿಡಿಸಲು ನೋಡಿದ. ಯಾರಾದರೂ ಬಿಡಿಸಲು ಬಂದರೆ ಕೈದಿಯನ್ನು ಜೀವಸಹಿತ ಕೊಡಬೇಡಿ ಅಂತ ಕಾವಲುಗಾರರಿಗೆ ಮೊದಲೇ ಆಜ್ಞೆ ಇತ್ತು. ಅವರು ಅದನ್ನು ಪಾಲಿಸಿದರು. ಇವಾನ್‌ಗೆ ಆಗ 23 ವರ್ಷ. ಅವನ ನಂತರ ರಷ್ಯಾಕ್ಕೆ ಇವಾನ್ ಎಂಬ ಇನ್ನೊಬ್ಬ ದೊರೆ ಬರಲಿಲ್ಲ. ದೇಶದ ತುಂಬಾ ಇದ್ದ ಹೆಸರು ಅರಮನೆಯಲ್ಲಿ ಮಾತ್ರ ನಿಂತುಹೋಯಿತು.

ಬೀದಿಯ ಇವಾನ್

ಜನರ ನಡುವೆ ಇವಾನ್ ನಿಧಾನವಾಗಿ ಒಬ್ಬನ ಹೆಸರಾಗಿ ಉಳಿಯದೆ ಎಲ್ಲರ ಹೆಸರಾದ. ಜನಪದ ಕಥೆಗಳಲ್ಲಿ ಅವನಿಗೆ ಎರಡು ವೇಷ. ಒಂದು ರಾಜಕುಮಾರ ಇವಾನ್, ಬೂದು ತೋಳದ ಬೆನ್ನೇರಿ ಬೆಂಕಿ ಹಕ್ಕಿ ಹುಡುಕುವವನು. ಇನ್ನೊಂದು ದಡ್ಡ ಇವಾನ್, ಮೂರು ಮಕ್ಕಳಲ್ಲಿ ಕೊನೆಯವನು. ಅಣ್ಣಂದಿರು ಬುದ್ಧಿವಂತರು, ಲೆಕ್ಕಾಚಾರದವರು. ಇವನೋ ಬೆಚ್ಚಗಿನ ಒಲೆಯ ಮೇಲೆ ಬಿದ್ದುಕೊಂಡಿರುತ್ತಾನೆ. ರಷ್ಯಾದ ಹಳ್ಳಿಮನೆಯ ಒಲೆ ದೊಡ್ಡ ಕಟ್ಟೆಯ ಹಾಗಿದ್ದು, ಚಳಿಗಾಲದಲ್ಲಿ ಮೇಲೆ ಮಲಗಲು ಬರುತ್ತದೆ. ಕೊನೆಗೆ ರಾಜಕುಮಾರಿ ಒಲಿಯುವುದು ಈ ದಡ್ಡನಿಗೇ. ಅವನು ನಿಜಕ್ಕೂ ದಡ್ಡನಲ್ಲ, ಲಾಭ ನಷ್ಟ ಎಣಿಸದವನು. ಎಲ್ಲರ ಮನೆಯಲ್ಲೂ ಒಬ್ಬ ಇವಾನ್ ಇದ್ದಾಗ ಈ ಕಥೆ ಕೇಳುವ ಮಗುವಿಗೆ ಸಂತೋಷ ಆಗದೆ ಇರುತ್ತದೆಯೇ?

ಎಲ್ಲರ ಹೆಸರಾದದ್ದು ಅಗ್ಗವೂ ಆಗುತ್ತದೆ. 19ನೇ ಶತಮಾನದ ಪಟ್ಟಣಗಳಲ್ಲಿ ‘ವಾಂಕ’ ಅಂದರೆ ಕಡಿಮೆ ಬಾಡಿಗೆಯ ಗಾಡಿಯವನು. ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲದೆ ಸೊರಗಿದ ಕುದುರೆ ಹೂಡಿಕೊಂಡು ಪೇಟೆಗೆ ಬರುತ್ತಿದ್ದ ರೈತ. ಅವನ ಹೆಸರು ಏನೇ ಇರಲಿ, ಕರೆಯುವವರಿಗೆ ಅವನು ವಾಂಕ. ಎಷ್ಟು ಉರುಳಿಸಿದರೂ ಎದ್ದು ಕೂರುವ ಆಟದ ಬೊಂಬೆಗೂ ರಷ್ಯನ್ನರು ಇದೇ ಹೆಸರು ಕೊಟ್ಟಿದ್ದಾರೆ, ವಾಂಕ ವ್‌ಸ್ತಾಂಕ, ಅಂದರೆ ಏಳುವ ವಾಂಕ.

ಸೈಬೀರಿಯಾದಿಂದ ಓಡಿಬಂದ ಕೈದಿಗಳು, ಯಜಮಾನನನ್ನು ಬಿಟ್ಟು ತಪ್ಪಿಸಿಕೊಂಡ ಜೀತದಾಳುಗಳು ಸಿಕ್ಕಿಬಿದ್ದಾಗ ನಿಜವಾದ ಹೆಸರು ಹೇಳಿದರೆ ಮತ್ತೆ ಅಲ್ಲಿಗೇ ಹೋಗಬೇಕು. ಹಾಗಾಗಿ ‘ಇವಾನ್’ ಅನ್ನುತ್ತಿದ್ದರು. ಅಪ್ಪ ಯಾರು, ಊರು ಯಾವುದು ಅಂದರೆ ‘ನೆನಪಿಲ್ಲ’. ಪೊಲೀಸರು ಅದನ್ನೇ ಬರೆದುಕೊಳ್ಳುತ್ತಿದ್ದರು: ಇವಾನ್ ನೆಪೋಮ್ನ್ಯಾಶಿ, ನೆನಪಿಲ್ಲದ ಇವಾನ್. ‘ಬಂಧು ಬಳಗ ನೆನಪಿಲ್ಲದ ಇವಾನ್’ ಅನ್ನುವ ಮಾತು ರಷ್ಯನ್ ಭಾಷೆಯಲ್ಲಿ ಈಗಲೂ ಇದೆ, ತನ್ನ ಬೇರು ಮರೆತವನನ್ನು ಚುಚ್ಚಲು. ನೆಪೋಮ್ನ್ಯಾಶಿ ಎಂಬ ಅಡ್ಡಹೆಸರೂ ಉಳಿದಿದೆ. ವಿಶ್ವ ಚೆಸ್ ಪಟ್ಟಕ್ಕಾಗಿ 2021ರಲ್ಲಿ ಕಾರ್ಲ್‌ಸನ್ ಎದುರು, 2023ರಲ್ಲಿ ಡಿಂಗ್ ಲಿರೆನ್ ಎದುರು ಆಡಿದ ಆಟಗಾರನನ್ನು ಚೆಸ್ ನೋಡುವವರು ಮರೆತಿರಲಾರರು. ಅವರ ಪೂರ್ತಿ ಹೆಸರು ಯಾನ್ ನೆಪೋಮ್ನ್ಯಾಶಿ. ಯಾನ್ ಕೂಡ ಇವಾನ್‌ನ ದಾಯಾದಿ ರೂಪ ಅಲ್ವಾ!

ಹೊರಗಿನಿಂದ ಬಂದವರಿಗೂ ಇವಾನ್ ಎಂಬ ಅಂಗಿ ಸಿದ್ಧವಾಗಿರುತ್ತಿತ್ತು. ಏಷ್ಯಾ ಮತ್ತು ಅಮೆರಿಕ ನಡುವಿನ ಜಲಸಂಧಿಗೆ ಹೆಸರು ಕೊಟ್ಟ ಡೆನ್ಮಾರ್ಕಿನ ವಿಟುಸ್ ಬೇರಿಂಗ್ ರಷ್ಯಾದ ನೌಕಾಪಡೆಯಲ್ಲಿ ಇವಾನ್ ಇವಾನೊವಿಚ್ ಬೇರಿಂಗ್ ಆದ. 1803ರಿಂದ 1806ರವರೆಗೆ ರಷ್ಯಾದ ಹಡಗುಗಳನ್ನು ಮೊದಲ ಸಲ ಭೂಮಿ ಸುತ್ತಿಸಿದ ಆಡಂ ಯೋಹಾನ್ ಫಾನ್ ಕ್ರೂಸೆನ್‌ಸ್ಟರ್ನ್ ಅಲ್ಲಿನವರಿಗೆ ಇವಾನ್ ಫ್ಯೋದೊರೊವಿಚ್. ಸಮುದ್ರದ ಚಿತ್ರಗಳಿಗೆ ಹೆಸರಾದ ಐವಜೋವ್‌ಸ್ಕಿ 1817ರಲ್ಲಿ ಹುಟ್ಟಿದಾಗ ಅರ್ಮೇನಿಯನ್ ಚರ್ಚಿನಲ್ಲಿ ಹೊವ್‌ಹಾನ್ನೆಸ್. ಬೆಳೆದ ಮೇಲೆ ಇವಾನ್. ಬೇರಿಂಗ್ ಮೂಲ ಹೆಸರನ್ನೇ ಬಿಟ್ಟ, ಉಳಿದಿಬ್ಬರು ಅದೇ ಹೆಸರಿನ ರಷ್ಯನ್ ರೂಪ ತೆಗೆದುಕೊಂಡರು.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರಿಗೆ ಎದುರಿನ ಕಂದಕದಲ್ಲಿದ್ದವರೆಲ್ಲ ‘ಇವಾನ್’. ಆ ಕಡೆಯವರಿಗೆ ಇವರೆಲ್ಲ ‘ಫ್ರಿಟ್ಸ್’. ನಿಜವೆಂದರೆ ಜರ್ಮನರ ಕಡೆಯ ಅದೆಷ್ಟೋ ಹಾನ್ಸ್, ಯೋಹಾನ್‌ಗಳೂ ಇವಾನ್‌ಗಳೇ.

ಈ ಸಾಲಿನಲ್ಲಿ ನನಗೆ ತುಂಬಾ ಇಷ್ಟವಾದ ಇವಾನ್ ಮನುಷ್ಯನೇ ಅಲ್ಲ. ಗಗಾರಿನ್ ಬಾಹ್ಯಾಕಾಶಕ್ಕೆ ಹೋಗುವ ಮೊದಲು, 1961ರ ಮಾರ್ಚ್ 9 ಮತ್ತು 25ರಂದು, ಸೋವಿಯೆತ್ ಇಂಜಿನಿಯರುಗಳು ಒಂದು ಬೊಂಬೆಗೆ ಗಗನಯಾತ್ರಿಯ ಬಟ್ಟೆ ತೊಡಿಸಿ ಕಳಿಸಿದರು. ಜೊತೆಗೆ ಮೊದಲ ಸಲ ಚೆರ್ನುಷ್ಕ ಎಂಬ ನಾಯಿ, ಎರಡನೇ ಸಲ ಜ್ವ್ಯೋಜ್ದೊಚ್ಕ ಎಂಬ ನಾಯಿ. ಬೊಂಬೆಗೆ ಅವರು ಇಟ್ಟ ಹೆಸರು ಇವಾನ್ ಇವಾನೊವಿಚ್. ಮುಖ ಎಷ್ಟು ಮನುಷ್ಯನ ಹಾಗಿತ್ತೆಂದರೆ, ಇಳಿದ ಕಡೆ ಹಳ್ಳಿಯವರು ಹೆಣ ಅಂತ ಗಾಬರಿಯಾಗದಿರಲಿ ಅಂತ ಅದರ ಮೇಲೆ ‘ಮಾದರಿ’ ಅನ್ನುವ ಮಾತನ್ನು ದೊಡ್ಡದಾಗಿ ಬರೆದಿದ್ದರು. ಬೊಂಬೆಗೂ ಅಪ್ಪನ ಹೆಸರು ಸೇರಿಸಿ ಗೌರವ ಕೊಟ್ಟಿದ್ದು ಗಮನಿಸಿ.

ಹಬ್ಬ, ಹೂವು, ಅಡ್ಡಹೆಸರು

ಸ್ನಾನಿಕ ಯೋಹಾನನ ಹುಟ್ಟಿದ ದಿನ ಹಳೆಯ ಪಂಚಾಂಗದಲ್ಲಿ ಜೂನ್ 24. ರಷ್ಯಾದ ಚರ್ಚ್ ಈಗಲೂ ಆ ಪಂಚಾಂಗವನ್ನೇ ಇಟ್ಟುಕೊಂಡಿದೆ. ಈಗಿನ ಪಂಚಾಂಗಕ್ಕೂ ಅದಕ್ಕೂ 13 ದಿನದ ಅಂತರ. ಹಾಗಾಗಿ ಅಲ್ಲಿ ಹಬ್ಬ ಜುಲೈ 7ಕ್ಕೆ. ಹೆಸರು ಇವಾನ್ ಕುಪಾಲ. ಇದು ಕ್ರೈಸ್ತ ಧರ್ಮಕ್ಕಿಂತ ಹಳೆಯ, ಬೇಸಿಗೆಯ ನಡುವಿನ ಹಬ್ಬ. ಚರ್ಚ್ ಅದಕ್ಕೆ ಯೋಹಾನನ ಹೆಸರು ಅಂಟಿಸಿತು. ರಾತ್ರಿ ಬೆಂಕಿ ಹಾಕಿ ಜೋಡಿಯಾಗಿ ಹಾರುವುದು, ನದಿಯಲ್ಲಿ ಮೀಯುವುದು, ಹೂವಿನ ಕಿರೀಟ ನೀರಿಗೆ ಬಿಡುವುದು, ಎಂದೂ ಹೂ ಬಿಡದ ಜರಿಗಿಡದಲ್ಲಿ ಹೂವು ಹುಡುಕಲು ಕಾಡಿಗೆ ಹೋಗುವುದು ಇವೆಲ್ಲ ಅದರ ಆಚರಣೆ. ಇದೇ ಸಂತನ ಇದೇ ಹಬ್ಬ ನಮ್ಮ ಪಕ್ಕದ ಗೋವಾದಲ್ಲಿ ಜೂನ್ 24ಕ್ಕೆ ಸಾಂಜಾಂವ್. ಅಲ್ಲಿ ತಲೆಗೆ ಹೂವು ಬಳ್ಳಿ ಸುತ್ತಿಕೊಂಡು, ಮಳೆಗಾಲದ ತುಂಬಿದ ಬಾವಿಗೆ ಹಾರುತ್ತಾರೆ. ಎರಡೂ ಕಡೆ ನೀರು, ಎರಡೂ ಕಡೆ ಹೂವು.

ಅದೇ ಸಂತನ ತಲೆ ಕಡಿದ ದಿನ ಸೆಪ್ಟೆಂಬರ್ 11ಕ್ಕೆ ಬರುತ್ತದೆ. ಅಂದು ಉಪವಾಸ. ಹಳ್ಳಿಗಳಲ್ಲಿ ಆ ದಿನ ಎಲೆಕೋಸಿನಂಥ ಉರುಟಾದ ತರಕಾರಿ ಹೆಚ್ಚುತ್ತಿರಲಿಲ್ಲ, ಕತ್ತಿಯನ್ನೇ ಮುಟ್ಟದವರೂ ಇದ್ದರು. ಇವಾನ್ ಹೆಸರಿನವರು ಇಂಥ ಸಂತರ ದಿನಗಳಲ್ಲಿ ಒಂದನ್ನು ತಮ್ಮ ಹೆಸರಿನ ಹಬ್ಬವಾಗಿ ಆಚರಿಸುತ್ತಾರೆ. ಆಯ್ಕೆಗೆ ಬರವಿಲ್ಲ.

ಗಿಡಗಳನ್ನೂ ಇವಾನ್ ಬಿಟ್ಟಿಲ್ಲ. ಕಾಡಿಗೆ ಬೆಂಕಿ ಬಿದ್ದ ಜಾಗದಲ್ಲಿ ಮೊದಲು ಏಳುವ ಗುಲಾಬಿ ಬಣ್ಣದ ಹೂವಿನ ಗಿಡದ ಎಲೆಯನ್ನು ಹುದುಗಿಸಿ ಒಣಗಿಸಿ ಕುಡಿಯುತ್ತಾರೆ. ಅದು ಇವಾನ್ ಚಾಯ್. ಹಳದಿ, ನೇರಳೆ ಎರಡು ಬಣ್ಣ ಒಂದೇ ಗಿಡದಲ್ಲಿ ಕಾಣುವ ಇನ್ನೊಂದು ಸಸ್ಯ ‘ಇವಾನ್ ಮತ್ತು ಮಾರ್ಯ’. ಕ್ರೆಮ್ಲಿನ್ ಒಳಗಿನ 81 ಮೀಟರ್ ಎತ್ತರದ ಗಂಟೆ ಗೋಪುರವೂ ‘ಇವಾನ್ ವೆಲೀಕಿ’. ಅದು ದೊರೆ ಇವಾನ್‌ನ ಹೆಸರಲ್ಲ, ಅಲ್ಲಿದ್ದ ಸಂತ ಇಒಆನ್ ಚರ್ಚಿನಿಂದ ಬಂದದ್ದು. ಪಕ್ಕದ ಚೌಕ ಇವಾನೊವ್‌ಸ್ಕಯ. ಗಂಟಲು ಹರಿಯುವ ಹಾಗೆ ಕೂಗಿದರೆ ‘ಇವಾನೊವ್‌ಸ್ಕಯ ತುಂಬಾ ಕೂಗಿದ’ ಅನ್ನುತ್ತಾರೆ. ರಾಜಾಜ್ಞೆಗಳನ್ನು ಆ ಚೌಕದಲ್ಲಿ ಗಟ್ಟಿಯಾಗಿ ಓದುತ್ತಿದ್ದರು ಅನ್ನುವುದು ಒಂದು ವಿವರಣೆ. ಎಲ್ಲ ಗಂಟೆ ಒಟ್ಟಿಗೆ ಬಾರಿಸಿದ ಸದ್ದು ಅನ್ನುವುದು ಇನ್ನೊಂದು.

ಇನ್ನು ಅಡ್ಡಹೆಸರು ಇವಾನೊವ್. ಇವಾನ್‌ನ ಕಡೆಯವನು ಅಂತ. ರಷ್ಯಾದಲ್ಲಿ ಕಲ್ಲೆಸೆದರೆ ಇವಾನೊವ್ ತಲೆಗೆ ಬೀಳುತ್ತದೆ. ವಾನಿನ್, ವಾನ್ಯೂಷಿನ್, ಇವಾಷಿನ್, ಉಕ್ರೇನಿನ ಇವಾನೆಂಕೊ, ಇವಾಂಚುಕ್ ಎಲ್ಲ ಇದರ ಮರಿಗಳು. ಇದರಲ್ಲೂ ಮೇಲು ಕೀಳು ಇತ್ತು. ಸಾಮಾನ್ಯರ ಅಡ್ಡಹೆಸರಿನಲ್ಲಿ ಒತ್ತು ಕೊನೆಗೆ, ‘ನೊವ್’ ಮೇಲೆ. ದೊಡ್ಡ ಮನೆತನದವರು ಒತ್ತನ್ನು ‘ವಾ’ ಮೇಲೆ ಹಾಕಿಕೊಂಡು ಬೇರೆಯಾಗಿ ನಿಲ್ಲುತ್ತಿದ್ದರು. ಬರೆದರೆ ಒಂದೇ, ಬಾಯಿ ತೆರೆದರೆ ಅಂತಸ್ತು ಗೊತ್ತಾಗುತ್ತಿತ್ತು.

ಇಳಿತ, ಮತ್ತೆ ಏರಿಕೆ

1917ರ ಕ್ರಾಂತಿಯ ನಂತರ ಸಂತರ ಪಂಚಾಂಗ ಮೂಲೆ ಸೇರಿತು. ಹೊಸ ಉತ್ಸಾಹದಲ್ಲಿ ವ್ಲದಿಮಿರ್ ಲೆನಿನ್ ಎರಡನ್ನೂ ಸೇರಿಸಿ ವ್ಲದ್ಲೆನ್, ಲೆನಿನ್ ಅನ್ನುವುದನ್ನು ತಿರುಗಿಸಿ ನಿನೆಲ್ ಇಂಥ ಹೆಸರುಗಳು ಹುಟ್ಟಿದವು. ಇವು ಬಹಳ ಜನರಿಗೆ ಹಿಡಿಸಲಿಲ್ಲ. ಇವಾನ್‌ಗೆ ನಿಜವಾದ ಪೆಟ್ಟು ಕೊಟ್ಟಿದ್ದು ಪಟ್ಟಣ. ಹಳ್ಳಿ ಬಿಟ್ಟು ಕಾರ್ಖಾನೆ ಸೇರಿದವರಿಗೆ ಮಗ ಹಳ್ಳಿಗನ ಹಾಗೆ ಕಾಣುವುದು ಬೇಡವಾಗಿತ್ತು. ಯೂರಿ, ವಲೇರಿ, ಸೆರ್ಗೇಯ್, ಇಗೊರ್ ಚೆಂದ ಅನ್ನಿಸಿದವು. 20ನೇ ಶತಮಾನದ ನಡುವಿನಲ್ಲಿ ಹುಟ್ಟಿದ ಪಟ್ಟಣದ ಮಕ್ಕಳಲ್ಲಿ ಇವಾನ್ ಅಪರೂಪ. ಇಟ್ಟರೆ ಶಾಲೆಯಲ್ಲಿ ಗೇಲಿ. ಎರಡು ಮೂರು ತಲೆಮಾರಿನ ನಂತರ ಅಜ್ಜನ ಕಾಲದ ಹೆಸರುಗಳಿಗೆ ಮತ್ತೆ ಬೆಲೆ ಬಂತು. ಚರ್ಚ್ ಬಾಗಿಲು ತೆರೆದವು, ಹಳೆಯದೆಲ್ಲ ನಮ್ಮದೇ ಅನ್ನುವ ಹೆಮ್ಮೆ ಬಂತು. ಈಗ ಮಾಸ್ಕೋದಲ್ಲಿ ಹುಟ್ಟುವ ಗಂಡುಮಕ್ಕಳಿಗೆ ಹೆಚ್ಚು ಇಡುವ ಹೆಸರುಗಳಲ್ಲಿ ಇವಾನ್ ಮತ್ತೆ ಸೇರಿದೆ. ಹಳ್ಳಿಯ ಹೆಸರು ಎಂದು ಬಿಟ್ಟವರ ಮೊಮ್ಮಕ್ಕಳೇ ಪಟ್ಟಣದಲ್ಲಿ ಅದನ್ನು ವಾಪಸ್ ತಂದಿದ್ದಾರೆ.

ಕರ್ನಾಟಕದಿಂದ ವೈದ್ಯಕೀಯ ಓದಲು ರಷ್ಯಾಕ್ಕೆ ಹೋಗುವ ಹುಡುಗ ಹುಡುಗಿಯರು ಇದ್ದಾರಲ್ಲ, ಅವರಿಗೆ ಒಂದು ಕಿವಿಮಾತು. ಪಾಠ ಮಾಡುವವರ ಹೆಸರು ಇವಾನ್ ಅಂತ ಗೊತ್ತಾದ ಕೂಡಲೇ ‘ಇವಾನ್ ಸಾರ್’ ಅನ್ನಬೇಡಿ. ಅವರ ತಂದೆಯ ಹೆಸರೇನು ಅಂತ ಮೊದಲ ದಿನವೇ ಕೇಳಿ, ಬರೆದಿಟ್ಟುಕೊಳ್ಳಿ. ಹಾಗೆ ಕೇಳುವುದು ಅಲ್ಲಿ ಮರ್ಯಾದೆಯೇ. ಇವಾನ್ ಸೆರ್ಗೆಯೆವಿಚ್ ಅಂದರೆ ಸರಿಹೋಯಿತು. ಹಾಸ್ಟೆಲಿನ ಪಕ್ಕದ ಕೋಣೆಯವನೂ ಇವಾನ್ ಆಗಿದ್ದರೆ, ನಾಲ್ಕು ದಿನದಲ್ಲಿ ಅವನೇ ‘ವಾನ್ಯ ಅನ್ನು ಸಾಕು’ ಅನ್ನುತ್ತಾನೆ. ವಾಂಕ ಅನ್ನಲು ಮಾತ್ರ ಸ್ವಲ್ಪ ಕಾಯಿರಿ.